ಮರಳುಗಾಡಿನಲ್ಲಿ ಎತ್ತಿದ ಮೂರು ಕೈ

ಜಿಗಣಿಯ ಆಂಜಿನಪ್ಪನಿಗೆ,

ನಿನಗೆ ಕೊಟ್ಟ ಮಾತುಗಳು ಇವು. ದಿನಕ್ಕೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಸೈಕಲ್ ತುಳಿಯುವುದಿಲ್ಲ. ತಲೆಗೆ ಆರು ಲೀಟರ್ ನೀರಿಲ್ಲದೆ ಬೆಳಿಗ್ಗೆ ಹೊರಡುವುದಿಲ್ಲ. ಬಾವುಟ, ಬ್ಯಾನರು, ಭಾಷಣ ಇಲ್ಲ. ಯಾರೊಬ್ಬರಿಗೆ ಕೈಲಾಗದಿದ್ದರೂ ಮೂವರೂ ನಿಲ್ಲುತ್ತೇವೆ. ಹೋದಷ್ಟು ಜನ ಬರುತ್ತೇವೆ, ಹೋದ ಹಾಗೇ ಬರುತ್ತೇವೆ.

ನಿನಗೆ ಸಿಗದೆ ಹೋದದ್ದು: ಕೊನೆಯದರಲ್ಲಿ ಅರ್ಧ ಬಿಟ್ಟು ಮಿಕ್ಕಿದ್ದೆಲ್ಲ. ಹೋದಷ್ಟು ಜನ ಬಂದೆವು. ಹೋದ ಹಾಗೆ ಬರಲಿಲ್ಲ.

ಹೆಬ್ಬಗೋಡಿಯ ಸಂಘದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲ ಪಾಳಿಯ ಬಸ್ಸುಗಳು ಹೋಗಿ ಆಯ್ತು, ಕೆಳಗಿನ ಕೋಳಿ ಅಂಗಡಿಯವನು ಷಟರ್ ಎತ್ತಿದ್ದಾನೆ. ಮೂವತ್ತು ವರ್ಷ ಮಾಲೀಕರ ಮೇಲೆ, ಲೇಬರ್ ಆಫೀಸರ ಮೇಲೆ, ಸರ್ಕಾರದ ಮೇಲೆ ಆರೋಪಪಟ್ಟಿ ಬರೆದ ಕೈ ಇದು. ಅವನ್ನೆಲ್ಲ ಒಂದೇ ಉಸಿರಿಗೆ ಬರೆದು ಬಿಸಾಕುತ್ತಿದ್ದೆ. ಈ ಪತ್ರಕ್ಕೆ ನಾಲ್ಕು ದಿನದಿಂದ ಕೂರುತ್ತಿದ್ದೇನೆ. ದಣಿದಿದ್ದೇನೆ ಕಣೋ. ಇದು ಸೈಕಲ್ ತುಳಿದ ದಣಿವಲ್ಲ.

ಆಸೆ ನಿನ್ನದು. ಅದು ಮೊದಲು ದಾಖಲಾಗಬೇಕು. ಕಾರ್ಖಾನೆ ನಿನ್ನನ್ನು ಹೊರಹಾಕಿದ ಮೇಲೆ ಜಿಗಣಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟೆಯಲ್ಲ, ಅಲ್ಲಿ ಒಂದು ಮಧ್ಯಾಹ್ನ ಯಾವುದೋ ಬಡಾವಣೆಯ ಗೇಟಿಗೆ ಸರಳು ಕೂರಿಸುತ್ತ ಕನ್ನಡಕ ತೆಗೆದು ಹೇಳಿದೆ: “ನಲವತ್ತೆಂಟ್ ವರ್ಷ ಆಯ್ತು ಗುರು. ಎತ್ತಾಗ್ ನೋಡುದ್ರೂ ಕಾಂಪೌಂಡು. ಅದುಕ್ಕೆ ಗೇಟ್ ಮಾಡೋನೂ ನಾನೇಯ. ಗೋಡೆ ಇಲ್ದಿರೋ ನೆಲದ್ ಮ್ಯಾಲೆ ಒಂದತ್ ದಿನ ಸೈಕಲ್ ಓಡಿಸ್ಬೇಕು, ಅಷ್ಟೇಯ.” ಫೋನಿನಲ್ಲಿ ಯಾರೋ ಮರಳ ದಿಬ್ಬದ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವ ವಿಡಿಯೋ ತೋರಿಸಿದೆ. ನಾನು ನಕ್ಕೆ. ಬಿಡಿಭಾಗ ಜೋಡಿಸುವ ಎಲೆಕ್ಟ್ರಾನಿಕ್ಸ್ ಘಟಕದಿಂದ ಪಾಳಿ ಮುಗಿಸಿ ಬಂದಿದ್ದ ನಮ್ಮ ಸಂಘದ ಐಶ್ವರ್ಯಾ ನಗಲಿಲ್ಲ. ಅವಳೇ ನಕ್ಷೆ ಹುಡುಕಿದಳು. ಜೈಸಲ್ಮೇರಿಂದ ಬಿಕಾನೇರಿಗೆ ಹೆದ್ದಾರಿ ಬಿಟ್ಟು, ಒಂಟೆ ಗಾಡಿ ಓಡಾಡುವ ಮರಳ ದಾರಿಯಲ್ಲಿ, ಹತ್ತು ದಿನ.

ಹನ್ನೊಂದು ತಿಂಗಳ ತಯಾರಿ ನೆನಪಿದೆಯಾ? ನನ್ನ ಬದುಕಿನಲ್ಲಿ ಬೇಡಿಕೆಯಿಲ್ಲದೆ ನಡೆದ ಕೆಲಸ ಅದೊಂದೇ. ಮೂರು ಹಳೆಯ ಸೈಕಲ್ಲುಗಳ ಚೌಕಟ್ಟು ಕುಯ್ದು ದಪ್ಪ ಟೈರು ಕೂರುವ ಹಾಗೆ ನೀನು ಬೆಸೆದೆ. ಚೀಲಗಳನ್ನು ಐಶ್ವರ್ಯಾ ಹೊಲಿದಳು, ಹೊಸೂರು ರಸ್ತೆಯಲ್ಲಿ ಕಿತ್ತು ಬಿದ್ದಿದ್ದ ಹುಟ್ಟುಹಬ್ಬದ ಫ್ಲೆಕ್ಸುಗಳಿಂದ. ನಿನ್ನ ಚೀಲದ ಮೇಲೆ ಯಾವನೋ ಮರಿಪುಢಾರಿಯ ಮೂಗು ಮತ್ತು ಅರ್ಧ ಮೀಸೆ ಬಂದಿತ್ತು. “ಇವುನ್ಗೆ ಓಟ್ ಆಕ್ಲಿಲ್ಲ, ಈಗ ಹೊತ್ಕೊಂಡ್ ತಿರುಗ್ಬೇಕು” ಅಂದೆ. ಭಾನುವಾರ ಕ್ವಾರಿ ಹಿಂದಿನ ಎಂ-ಸ್ಯಾಂಡ್ ಗುಡ್ಡೆಗಳ ಮೇಲೆ ಅಭ್ಯಾಸ. ಕ್ರಷರಿನ ಪುಡಿ ಮೂಗಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಟೈರಿನ ಗಾಳಿ ಇಳಿಸಿ ತೋರಿಸಿದ್ದು ನೀನು: “ಗಟ್ಟಿಗಿದ್ರೆ ಊತ್ಕೊತದೆ, ಮೆತ್ತಗಿದ್ರೆ ತೇಲ್ತದೆ. ನಿನ್ಗೂ ಒಸಿ ಗಾಳಿ ಇಳಿಸ್ಬೇಕು ಸೆಕ್ರೆಟ್ರಿ.” ಐಶ್ವರ್ಯಾ ಬಿದ್ದು ಬಿದ್ದು ನಕ್ಕಳು. ನಾನು ಮಾತ್ರ ಗಾಳಿ ಇಳಿಸಿಕೊಳ್ಳಲಿಲ್ಲ.

ಹೊರಡಲು ಎರಡು ವಾರ ಇದ್ದಾಗ, ನಿನ್ನನ್ನು ಕೇಳದೆ, ಬಿಕಾನೇರಿನ ಒಂದು ಕಾರ್ಮಿಕ ಸಂಘಕ್ಕೆ ಫೋನ್ ಮಾಡಿದೆ. ಹತ್ತು ದಿನದ ದಾರಿಯ ಎಂಟನೆಯ ದಿನಕ್ಕೇ ಅಲ್ಲೊಂದು ಸಭೆ ಇಟ್ಟುಕೊಂಡೆ. ಸೈಕಲ್ಲಿಗೆ ಬ್ಯಾನರು ಕಟ್ಟಿದೆ, ಐನೂರು ಕರಪತ್ರ ತುರುಕಿದೆ. ಸಭೆಯಿಲ್ಲದ ಊರು ನನ್ನ ಕಣ್ಣಿಗೆ ಊರೇ ಅಲ್ಲ. ಗೋಡೆಯಿಲ್ಲದ ನೆಲ ನೋಡಬೇಕೆಂದು ಒಬ್ಬ ಮನುಷ್ಯ ಕೇಳಿದರೆ ಅದನ್ನು ಜಾಥಾ ಮಾಡಿಬಿಟ್ಟೆ. ಜಾಥಾ ಅಂದಮೇಲೆ ತಾರೀಖು ತಪ್ಪುವ ಹಾಗಿಲ್ಲ. ನಲವತ್ತರ ಮಿತಿ ಮುರಿದದ್ದು ಅಲ್ಲಿ. ಕರಪತ್ರದ ಭಾರಕ್ಕೆ ನೀರಿನ ಕ್ಯಾನು ಒಂದು ಕಮ್ಮಿಯಾಯಿತು. ನೀನು ಬ್ಯಾನರು ನೋಡಿ ಒಂದೇ ಮಾತು ಕೇಳಿದೆ: “ಇದೂ ಬತ್ತದಾ?”

ಮೊದಲ ಮೂರು ದಿನ ನಿನ್ನ ಮುಖ ನಾನು ಹಿಂದೆಂದೂ ನೋಡಿರದ ಮುಖ. ಜಾಲಿಮುಳ್ಳು ದಿನಕ್ಕೆ ಐದು ಸಲ ಟ್ಯೂಬಿಗೆ ಚುಚ್ಚಿದರೂ ನೀನು ಸಿಳ್ಳೆ ಹಾಕುತ್ತ ಪಂಕ್ಚರ್ ಹಾಕುತ್ತಿದ್ದೆ. ನಾಲ್ಕನೆಯ ದಿನ ನಿನಗೆ ಭೇದಿ ಹತ್ತಿತು. ಐದನೆಯ ದಿನ ಬೆಳಿಗ್ಗೆ ದಾರಿ ಎರಡಾಯಿತು. ಎಡಕ್ಕೆ ಒಂಬತ್ತು ಕಿಲೋಮೀಟರಿಗೆ ಡಾಂಬರು, ಬಸ್ಸು. ನೇರಕ್ಕೆ ಮುಂದಿನ ನೀರಿನ ತೊಟ್ಟಿಯ ತನಕ ನಲವತ್ತೆರಡು ಕಿಲೋಮೀಟರು ಬರೀ ಮರಳು.

“ನನ್ ಕೈಲಾಗಲ್ಲ ಗುರು. ಡಾಂಬರಿಗೆ ಓಗ್ಬುಡಾನ” ಅಂದೆ. ಅಷ್ಟು ಸಾಕಿತ್ತು. ಅಷ್ಟಕ್ಕೆ ನಿಲ್ಲುತ್ತೇವೆಂದೇ ಮಾತು ಕೊಟ್ಟಿದ್ದು. ನಾನೇನು ಮಾಡಿದೆ? ಮತಕ್ಕೆ ಹಾಕಿದೆ. ಕಣ್ಣು ಹರಿಯುವಷ್ಟು ದೂರ ಒಂದು ಗೋಡೆಯಿಲ್ಲದ ಜಾಗದಲ್ಲಿ ಮೂರು ಜನ ನಿಂತು ಕೈ ಎತ್ತಿದೆವು. ಮುಂದೆ ಹೋಗಲು ನನ್ನದು, ಐಶ್ವರ್ಯಾಳದು. ಡಾಂಬರಿಗೆ ನಿನ್ನದು. ಆಡು ಮೇಯಿಸುತ್ತಿದ್ದ ಮುದುಕ ದೂರದಿಂದ ಓಡಿ ಬಂದು ಹಿಂದಿಯಲ್ಲಿ ಏನೋ ಕೂಗಿದ. ಐಶ್ವರ್ಯಾ ಹೇಳಿದಳು: “ಕೈ ಎತ್ತಿ ಯಾರನ್ನ ಕರೀತಿದ್ರಿ, ಯಾರಿಗಾದ್ರೂ ಹುಷಾರಿಲ್ವಾ ಅಂತ ಕೇಳ್ತಿದ್ದಾರೆ.” ನಾನು ಏನೂ ಇಲ್ಲವೆಂದು ತಲೆಯಾಡಿಸಿ ಕಳಿಸಿದೆ. ನಮ್ಮ ಭಾಷೆ ಬಾರದ ಮುದುಕನಿಗೆ ಆ ಕೈಗಳಲ್ಲಿ ಒಂದರ ಅರ್ಥ ಸರಿಯಾಗಿ ತಿಳಿದಿತ್ತು.

“ತೀರ್ಮಾನ ಆಯ್ತಲ್ಲ. ನಡೀರಿ” ಅಂದೆ ನೀನು.

ಆ ಮಾತು ಎಲ್ಲಿ ಕಲಿತೆ ಎಂದು ನನಗೆ ಗೊತ್ತು. ಎರಡು ಸಾವಿರದ ಹನ್ನೊಂದರ ಮುಷ್ಕರದಲ್ಲಿ ಒಪ್ಪಂದಕ್ಕೆ ಸಹಿ ಹಾಕೋಣ ಎಂದು ವಾದಿಸಿ ಮೂರೇ ಮತದಲ್ಲಿ ಸೋತವನು ನೀನು. ಆಗಲೂ ಅದನ್ನೇ ಹೇಳಿದೆ. ಎಪ್ಪತ್ತಮೂರು ದಿನ ಗೇಟಿನ ಮುಂದೆ ಎಲ್ಲರಿಗಿಂತ ಮೊದಲು ಬಂದು ನಿಂತೆ. ಕೆಲಸ ಕಳೆದುಕೊಂಡೆ. ಅಲ್ಲಿಂದ ಪ್ರತಿ ತರಬೇತಿ ಶಿಬಿರದಲ್ಲಿ ನಿನ್ನ ಹೆಸರು ಹೇಳಿದ್ದೇನೆ: ಅಲ್ಪಮತದವನ ಶಿಸ್ತು ಅಂದರೆ ಆಂಜಿನಪ್ಪ. ಚಪ್ಪಾಳೆ ತಟ್ಟಿಸಿದ್ದೇನೆ. ನಿನ್ನ ಬಾಯಿ ಮುಚ್ಚಿಸುವ ಪಾಠವನ್ನು ನಿನ್ನ ಹೆಸರಿನಲ್ಲೇ ಕಲಿಸಿದೆ. ಆ ಮರಳಿನಲ್ಲಿ ಇಪ್ಪತ್ತಾರು ಕಿಲೋಮೀಟರು ನೀನು ಗೊಣಗಲಿಲ್ಲ. “ಆಂಜಿನಣ್ಣ, ಹೆಂಗಿದ್ದೀರಾ?” ಎಂದು ಅವಳು ಕೇಳಿದಾಗೆಲ್ಲ “ಆಯ್ತದೆ, ನಡಿ ತಾಯಿ” ಅಂದೆ. ಮಧ್ಯಾಹ್ನ ಮೂರಕ್ಕೆ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ, ನೆಟ್ಟಗೆ ನಿಲ್ಲಿಸಿ, ಆಮೇಲೆ ಬಿದ್ದೆ.

ಮೇವಿನ ಜೀಪು ಸಿಕ್ಕಿದ್ದು, ಬಿಕಾನೇರಿನ ಆಸ್ಪತ್ರೆ, ಒಂಬತ್ತು ದಿನದ ವಾರ್ಡು ನಿನಗೆ ಗೊತ್ತಿರುವುದೇ. ಅರ್ಧ ದಿನ ಮೊದಲು ಕರೆತಂದಿದ್ದರೆ ಎರಡು ಬಾಟಲಿ ಡ್ರಿಪ್ಪಿನಲ್ಲಿ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ನಿನಗೆ ಯಾರೂ ಹೇಳಿರಲಿಲ್ಲ. ಈಗ ನಾನು ಹೇಳುತ್ತಿದ್ದೇನೆ. ಇನ್ನೊಂದೂ ಇದೆ. ಹೊರಟ ಎಂಟನೆಯ ದಿನ ಸಂಜೆ ಐಶ್ವರ್ಯಾಳನ್ನು ನಿನ್ನ ಪಕ್ಕ ಕೂರಿಸಿ ಔಷಧಿ ತರುತ್ತೇನೆಂದು ಹೋದೆನಲ್ಲ, ಹೋದದ್ದು ಆ ಸಭೆಗೆ. ನಲವತ್ತು ನಿಮಿಷ ಮಾತಾಡಿದೆ. ಹಾರ ಹಾಕಿಸಿಕೊಂಡೆ.

ಮೂತ್ರಪಿಂಡ ಅರ್ಧಕ್ಕೆ ನಿಂತಿದೆ, ಬೆಂಕಿಯ ಹತ್ತಿರ ಕೆಲಸ ಮಾಡಬೇಡ ಎಂದು ಕಳಿಸಿದರು. ವೆಲ್ಡರನಿಗೆ. ನಿನ್ನ ಅಂಗಡಿಯಲ್ಲಿ ಈಗ ಬೇರೆ ಯಾರೋ ಗ್ರಿಲ್ಲು ಮಾಡುತ್ತಾರಂತೆ, ನೀನು ಹೊರಗೆ ಕುರ್ಚಿ ಹಾಕಿಕೊಂಡು ಅಳತೆ ಬರೆದುಕೊಡುತ್ತೀಯಂತೆ. ಇಷ್ಟಾದರೂ ನೀನು ಮಾರ್ಚ್ ತನಕ ಕೋಣೆಗೆ ಬರುತ್ತಿದ್ದೆ. ಜಗಳವಾಡಲಿಲ್ಲ. ನಿಲ್ಲಿಸಿದ್ದು ಸಂಘದ ಮಾಸಿಕ ಪತ್ರಿಕೆ ಬಂದ ಮೇಲೆ.

ಅದರಲ್ಲಿ ನಾನು ಬರೆದ ವಾಕ್ಯ ನನಗೆ ಬಾಯಿಪಾಠ: “ಅನಾರೋಗ್ಯದ ನಡುವೆಯೂ ಮೂವರು ಸಂಗಾತಿಗಳು ಸರ್ವಾನುಮತದಿಂದ ಮುಂದುವರಿಯಲು ತೀರ್ಮಾನಿಸಿದರು.” ಬರೆಯುವಾಗ ಪೆನ್ನು ಎಲ್ಲೂ ತಡವರಿಸಲಿಲ್ಲ. ಸಂಘದ ವರದಿಗಳನ್ನು ನಾವು ಬರೆಯುವುದೇ ಹಾಗೆ. ಒಡಕು ಕಂಡರೆ ಮಾಲೀಕನಿಗೆ ಅನುಕೂಲ. ಆ ಮರಳಿನಲ್ಲಿ ಯಾವ ಮಾಲೀಕನಿದ್ದ?

ಏಪ್ರಿಲಿನಲ್ಲಿ ನಿನ್ನ ಮನೆಗೆ ಬಂದಿದ್ದೆ. ನೀನು ಒಳಗಿದ್ದೆ, ಚಪ್ಪಲಿ ಕಂಡಿತು. ವೆಂಕಟಮ್ಮ ಹೊಸ್ತಿಲಲ್ಲೇ ನಿಂತು ಪತ್ರಿಕೆ ವಾಪಸ್ಸು ಕೊಟ್ಟರು. “ಅಣ್ಣ, ನಮ್ಮನೇರು ಬ್ಯಾಡ ಅಂದಿದ್ರಂತೆ. ನೀವವ್ರ ಮಾತು ಕೇಳ್ಲಿಲ್ಲ, ಓಗ್ಲಿ. ಬ್ಯಾಡ ಅಂದ್ರು ಅಂತಾನಾರ ಬರೀಬೌದಿತ್ತಲ್ಲ?” ಪತ್ರಿಕೆ ಮಡಿಸಿಕೊಂಡು ಮೆಟ್ಟಿಲಿಳಿದೆ. ಬಸ್ಸು ಹತ್ತದೆ ನಡೆದೆ. ಮೊನ್ನೆ ಐಶ್ವರ್ಯಾಳನ್ನು ಕೇಳಿದೆ, ಅವತ್ತು ಯಾಕಮ್ಮ ಕೈ ಎತ್ತಿದೆ ಎಂದು. “ನೀವು ನನ್ನ ಮುಖ ನೋಡ್ತಿದ್ರಲ್ಲ ಸಾರ್” ಅಂದಳು. ಅಂದಮೇಲೆ ಅದು ಇಬ್ಬರ ಮತವೂ ಅಲ್ಲ.

ಕ್ಷಮೆ ಕೇಳುವ ಪತ್ರವಲ್ಲ ಇದು. ಕೇಳಿದರೆ ನೀನು “ಓಗ್ಲಿ ಬುಡು” ಅನ್ನುತ್ತೀಯ, ನಾನು ನಿದ್ದೆ ಮಾಡುತ್ತೇನೆ. ಹಾಗಾಗಬಾರದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಓದುತ್ತೇನೆ, ಅದೇ ಮಾಸಿಕದ ಮೊದಲ ಪುಟದಲ್ಲಿ ಅಚ್ಚು ಹಾಕುತ್ತೇನೆ. ಒಕ್ಕಣೆ ಇಷ್ಟು: “ಮುಂದೆ ಹೋಗಬಾರದು ಎಂದವರು ಆಂಜಿನಪ್ಪ. ಅವರು ಹೇಳಿದ್ದು ಸರಿ. ಅವರ ಮೈಯನ್ನು ಮತಕ್ಕೆ ಹಾಕಿದ್ದು ಕಾರ್ಯದರ್ಶಿ ದೇವರಾಜನ ಅಪರಾಧ. ಬಿಕಾನೇರಿನ ಸಭೆಗೆ ಅವನು ಹೋದದ್ದೂ.” ಇದನ್ನು ಮತಕ್ಕೆ ಹಾಕುವುದಿಲ್ಲ. ನೀನು ಬಂದರೂ ಓದುತ್ತೇನೆ, ಬರದಿದ್ದರೂ ಓದುತ್ತೇನೆ. ಬಂದರೆ, ತಪ್ಪಿದ ಕಡೆ ಎದ್ದು ನಿಂತು ಹೇಳು. ಎಷ್ಟು ಹೊತ್ತಾದರೂ ಸರಿ.

ಬಿಸಿಲಿಗೆ ತಲೆ ಕೊಡಬೇಡ. ಡಾಕ್ಟರು ಅಳೆದುಕೊಟ್ಟಷ್ಟೇ ನೀರು ಕುಡಿ. ವೆಂಕಟಮ್ಮನಿಗೆ ನನ್ನ ಮೇಲಿನ ಸಿಟ್ಟು ಆರದೆ ಇರಲಿ, ನಿನ್ನ ಮೈ ಆರಾಮಾಗಲಿ.

ನಿನ್ನ ಸಂಗಾತಿ ಎಂದು ಬರೆಯಲು ಇನ್ನೂ ಹಕ್ಕಿಲ್ಲದ,
ದೇವರಾಜ್

ಸಭೆ: ಹೆಬ್ಬಗೋಡಿ ಕೋಣೆ, ಜೂನ್ ಮೊದಲ ಭಾನುವಾರ, ಬೆಳಿಗ್ಗೆ ಹತ್ತೂವರೆ.