ನೇರಳೆ ನಂಬರ್ ಪ್ಲೇಟು

ಡೋವರ್ ಕ್ರೀಕ್, ಕಾನ್ಸಾಸ್
ನವೆಂಬರ್ ೧೯, ಬುಧವಾರ

ನನ್ನ ಮುದ್ದು ಲಿಬ್ಬಿ,

‘ಹೆಸರು ಹಿಡಿದು ಕರೆದರೆ ನೋವು ಅರ್ಧವಾಗುತ್ತದೆ’ ಎಂಬ ಸಾಲೊಂದು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೆನೋ ನೆನಪಿಲ್ಲ. ಎಂ.ಎ. ಓದುವಾಗ ಕೊಂಡಿದ್ದ ಹಳೆಯ ಕವನ ಸಂಕಲನಗಳಲ್ಲಿ ಇರಬೇಕೆಂದು ಕಪಾಟನ್ನೆಲ್ಲ ತಡಕಿದೆ, ಸಿಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ಅನುಮಾನ ಶುರುವಾಯಿತು. ಅದು ‘ಅರ್ಧವಾಗುತ್ತದೆ’ ಎಂದಿತ್ತೋ, ‘ಎರಡಾಗುತ್ತದೆ’ ಎಂದಿತ್ತೋ? ಅರ್ಧವೆಂದೇ ನಂಬಿಕೊಂಡು ನಾನು ಇಷ್ಟು ವರ್ಷ ನಡೆದಿದ್ದೇನೆ. ನಿನ್ನನ್ನು ಕೇಳಿದರೆ ನೀನು ಎರಡು ಎನ್ನುತ್ತೀಯ.

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ, “ಸಲೀನಾವರೆಗೆ ಬಸ್ಸಿದೆ, ಬರ್ತೀನಿ. ಆದ್ರೆ ಅಲ್ಲಿಂದ ಆ ಪ್ಲೇಟಿರೋ ಕಾರಲ್ಲಿ ಮಾತ್ರ ಕೂರಲ್ಲಮ್ಮಾ. ಬೇರೆ ದಾರಿ ಇಲ್ಲ ಅಂದ್ರೆ ಬರೋದೇ ಇಲ್ಲ ಅಂತ ಇಟ್ಕೋ” ಎಂದೆ. ಆಮೇಲೆ ನಾನೂ ಮಾತಾಡಿದೆ, ನೀನೂ ಮಾತಾಡಿದೆ, ಯಾರು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಈ ಕಾಗದ. ಕಾಗದದಲ್ಲಿ ನಾವಿಬ್ಬರೂ ಅಡ್ಡಬಾಯಿ ಹಾಕಲಾರೆವು.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲೇಟು ತೆಗೆದೆ. ನಿನ್ನೆ ಮಧ್ಯಾಹ್ನ ಕೌಂಟಿ ಕಛೇರಿಗೆ ಹೋಗಿ ಎಲ್ಲರಿಗೂ ಕೊಡುವ ಮಾಮೂಲಿ ಪ್ಲೇಟು ತಂದೆ. ಈಗ ನಮ್ಮ ಕಾರು ಊರಿನ ಉಳಿದ ಬೂದು ಕಾರುಗಳಂತೆಯೇ ಒಂದು ಬೂದು ಕಾರು. ನೀನು ನಿಶ್ಚಿಂತೆಯಿಂದ ಕೂರಬಹುದು.

ನಾನು ಸೋತು ತೆಗೆದೆ ಎಂದುಕೊಳ್ಳಬೇಡ. ಮೂರ್ಛೆ ರೋಗದ ಹೆಸರು ಹೊತ್ತ ಆ ನೇರಳೆ ಪ್ಲೇಟಿನ ಬಗ್ಗೆ ನನಗೆ ಈಗಲೂ ಪ್ರೀತಿಯೇ ಇದೆ. ಅದಕ್ಕೆಂದು ವರ್ಷವರ್ಷ ಹೆಚ್ಚಾಗಿ ಕಟ್ಟುವ ಡಾಲರುಗಳು ಮೂರ್ಛೆ ರೋಗದ ಮಕ್ಕಳ ಬೇಸಿಗೆ ಶಿಬಿರಕ್ಕೆ ಹೋಗುತ್ತವೆ. ಆ ಶಿಬಿರದಿಂದ ಮೊದಲ ಸಲ ನೀನು ಮನೆಗೆ ಬಂದದ್ದು ನನ್ನ ಕಣ್ಣ ಮುಂದೆಯೇ ಇದೆ. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು, ಹಾಡಿ ಹಾಡಿ ಗಂಟಲು ಕಟ್ಟಿತ್ತು. ಅಲ್ಲಿ ಯಾರಾದರೂ ಬಿದ್ದರೆ ಪಕ್ಕದವರು ತಲೆಯಡಿಗೆ ಜಾಕೆಟ್ ಸುರುಳಿ ಸುತ್ತಿ ಇಡುತ್ತಾರೆ, ಉಳಿದವರು ಹಾಡು ನಿಲ್ಲಿಸುವುದಿಲ್ಲ ಎಂದು ನೀನು ಪಿಸುದನಿಯಲ್ಲಿ ಹೇಳಿದೆ. ಹಾಡು ನಿಲ್ಲಿಸುವುದಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಆ ಶಿಬಿರಕ್ಕೆ ಇನ್ನೊಂದು ಮಗುವನ್ನು ಕಳಿಸುವ ತಗಡು ನನ್ನ ಕಾರಿನ ಹಿಂದೆ ಇರಲಿ ಎನ್ನಿಸಿದ್ದರಲ್ಲಿ ಏನಾಶ್ಚರ್ಯ?

ಆದರೆ ನಾನು ಅದನ್ನು ಹಾಕಿಸಿದ ವಸಂತದಲ್ಲೇ ನಿನ್ನ ತರಗತಿಯವರೆಲ್ಲ ಒಬ್ಬೊಬ್ಬರಾಗಿ ಅಪ್ಪಂದಿರ ಪಿಕಪ್ಪುಗಳನ್ನು ತಾವೇ ಓಡಿಸಿಕೊಂಡು ಶಾಲೆಗೆ ಬರತೊಡಗಿದ್ದರು. ಇಲ್ಲಿ ರೈತರ ಮಕ್ಕಳಿಗೆ ಸ್ಟೀರಿಂಗ್ ಹಿಡಿಯುವುದೆಂದರೆ ಮೀಸೆ ಬಂದ ಹಾಗೆ. ನಿನಗೆ ಡಾಕ್ಟರು ಬೇಡವೆಂದಿದ್ದರು. ಶಾಲೆಯ ಅಂಗಳಕ್ಕೆ ಕಾರು ತಿರುಗಿದೊಡನೆ ನೀನು ಬಗ್ಗಿ ಕಾಲಬುಡದಲ್ಲಿ ಏನನ್ನೋ ಹುಡುಕುತ್ತಿದ್ದೆ. ಪೆನ್ನು ಬೀಳಿಸಿಕೊಳ್ಳುವ ಹುಡುಗಿ ಎಂದು ನಾನು ನಗುತ್ತಿದ್ದೆ. ಹುಡುಗರು ನಮ್ಮ ಕಾರಿಗೆ ‘ಫಿಟ್ಸ್ ಗಾಡಿ’ ಎಂದು ಹೆಸರಿಟ್ಟಿದ್ದು ನನಗೆ ತಿಳಿದದ್ದು ನೀನು ವಿಚಿಟಾಕ್ಕೆ ಹೊರಟು, ಪೆಟ್ಟಿಗೆಗಳೆಲ್ಲ ಬಾಗಿಲಲ್ಲಿದ್ದ ದಿನ. ಅವತ್ತು ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ಮರೆಯಬಹುದಿತ್ತು. ಮೆಲ್ಲಗೆ, “ನನ್ನ ಕಾಯಿಲೇನ ನಿನ್ನ ಕಾರಿಗೆ ಅಂಟಿಸ್ಕೊಂಡು ಊರೆಲ್ಲ ಓಡಿಸ್ತೀಯ. ನನಗೆ ಓಡಿಸೋಕೂ ಬಿಡಲ್ಲ” ಎಂದೆ.



ಪಕ್ಕದ ಮನೆಯ ಸಿಮೆಕ್ ಅಜ್ಜಿಯೂ ನಿನ್ನ ಕಡೆಯವಳೇ. ಪ್ಲೇಟು ಹಾಕಿಸಿದ ದಿನ ಬೇಲಿಯಾಚೆಯಿಂದ ನೋಡಿ, ನಮ್ಮ ಕಾಲದಲ್ಲಿ ಮನೆಗೆ ಕಾಯಿಲೆ ಬಂದರೆ ಕಿಟಕಿಗೆ ಪರದೆ ಎಳೆಯುತ್ತಿದ್ದೆವು, ಈಗಿನವರು ಬಂಪರಿಗೆ ತಗುಲಿಸುತ್ತಾರೆ ಎಂದಿದ್ದಳು. ಜೊತೆಗೇ ಒಂದು ತಟ್ಟೆ ಕೊಲಾಚಿಯನ್ನೂ, ಅವಳ ಆ ಹಣ್ಣಿನ ಹೂರಣದ ಬನ್ನುಗಳನ್ನು, ದಾಟಿಸಿದಳು. ಅವಳ ಚುಚ್ಚುಮಾತಿನ ಹಿಂದೆ ಯಾವತ್ತೂ ಏನಾದರೊಂದು ತಿಂಡಿ ಇರುತ್ತದಲ್ಲ.

ಒಂದು ಸಂಗತಿ ನಿನಗೆ ಹೇಳಿಲ್ಲ. ನೀನು ಹೋದ ಮೇಲೆ, ಗೋಧಿ ಬಿತ್ತನೆಯ ದಿನಗಳಲ್ಲಿ, ಗ್ರೇಟ್ ಬೆಂಡ್‌ನ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಪೆಟ್ರೋಲ್ ಹಾಕಿಸಿಕೊಳ್ಳಲು ನಿಲ್ಲಿಸಿದ್ದೆ. ಧಾನ್ಯದ ಲಾರಿಯಿಂದ ಇಳಿದ ಒಬ್ಬ ದೊಡ್ಡ ಆಳು ನನ್ನ ಕಾರಿನ ಹಿಂದೆ ಬಂದು ನಿಂತ. ಟೋಪಿ ಕೈಯಲ್ಲಿತ್ತು. ನಮಸ್ಕಾರವಿಲ್ಲ, ಹೆಸರಿಲ್ಲ, ಯಾರಿಗೆ ಎಂದು ಮಾತ್ರ ಕೇಳಿದ. ಮಗಳಿಗೆ ಎಂದೆ. ತನಗೆ ಮಗ ಎಂದ. ಎಷ್ಟು ದಿನವಾಯಿತು ಎಂದು ಕೇಳಿದ. ಕಾಯಿಲೆ ಶುರುವಾಗಿ ಎಷ್ಟು ದಿನವೆಂದು ಯಾರೂ ಕೇಳುವುದಿಲ್ಲ, ಕೊನೆಯ ಸಲ ಬಿದ್ದು ಎಷ್ಟು ದಿನವೆಂದೇ ನಮ್ಮವರು ಕೇಳುವುದು ಎಂದು ನಿನಗೆ ಗೊತ್ತು. ನೀನು ಈಗ ಹೇಳುವುದನ್ನು ಬಿಟ್ಟಿದ್ದೀಯ, ಹಾಗಾಗಿ ನನಗೆ ತಿಳಿಯದು ಎಂದು ಅವನಿಗೆ ಹೇಳಿದೆ. ಅವನು ತಲೆಯಾಡಿಸಿ ಪೆಟ್ರೋಲ್ ಪಂಪಿನ ಕಡೆ ನೋಡುತ್ತಾ, “ನಾನು ಇವತ್ತಿಗೂ ಬೂಟು ಬಿಚ್ಚದೇ ಮಲಗ್ತೀನಿ, ಮೇಡಂ. ನನ್ನ ಹೆಂಡ್ತಿ ನಗ್ತಾಳೆ” ಎಂದ. ನಾನೂ ನಕ್ಕೆ. ಆಮೇಲೆ ಕಾರಿನಲ್ಲಿ ಕೂತು ನನ್ನ ಕಾಲುಗಳನ್ನೇ ನೋಡಿಕೊಂಡೆ. ಏಕೆಂದರೆ ನೀನು ಮನೆಯಲ್ಲಿದ್ದಷ್ಟು ವರ್ಷವೂ ನಾನು ಕಾಲುಚೀಲ ಹಾಕಿಕೊಂಡೇ ಮಲಗಿದ್ದೇನೆ ಮಗಳೇ, ರಾತ್ರಿ ನೀನು ಬಿದ್ದ ಸದ್ದಾದರೆ ಚಪ್ಪಲಿ ಹುಡುಕದೆ ಓಡಿಬರಬೇಕೆಂದು. ನನಗೆ ಕಾಲು ತಣ್ಣಗಾಗುತ್ತದೆ ಎಂದು ನೀನು ಪ್ರತಿ ಕ್ರಿಸ್‌ಮಸ್ಸಿಗೂ ಉಣ್ಣೆಯ ಕಾಲುಚೀಲ ಕೊಡುತ್ತಿದ್ದೆ.

ಆ ಪ್ಲೇಟು ಯಾರಿಗಾಗಿ ಎಂದು ಯಾರಾದರೂ ಕೇಳಿದಾಗ ನಿನ್ನ ಹೆಸರು ಹೇಳುತ್ತಿದ್ದೆ. ಪೆಟ್ರೋಲ್ ಬಂಕಿನಿಂದ ಹೊರಟಾಗ ತಿಳಿಯಿತು, ಅದು ನನ್ನ ಪರವಾಗಿಯೂ ಮಾತಾಡುತ್ತಿತ್ತು. ಈ ಬಯಲಿನಲ್ಲಿ ಮೈಲಿಗಟ್ಟಲೆ ಒಬ್ಬಳೇ ಕಾರು ಓಡಿಸುವಾಗ, ಹಿಂದಿನಿಂದ ಬರುವ ಯಾರೋ ಒಬ್ಬರಿಗೆ ನನ್ನ ಮನೆಯ ಸಂಗತಿ ಗೊತ್ತು ಎನ್ನುವುದೇ ಒಂದು ಬಗೆಯ ಸಂಗಾತ. ಆ ಸಂಗಾತದ ಬೆಲೆಯನ್ನು ನೀನು ಶಾಲೆಯ ಅಂಗಳದಲ್ಲಿ ಕೊಡುತ್ತಿದ್ದೆ. ಪ್ಲೇಟು ಒಳ್ಳೆಯದೇ. ನೀನು ಹೇಳಿದ್ದೂ ಸರಿಯೇ. ಎರಡೂ ಒಂದೇ ಕಾರಿನಲ್ಲಿ ಹಿಡಿಸುವುದಿಲ್ಲ ಎಂದಾದರೆ, ನನಗೆ ಪಕ್ಕದ ಸೀಟಿನಲ್ಲಿ ನೀನು ಬೇಕು.

ಹಳೆಯ ಪ್ಲೇಟು ಬಿಚ್ಚುವುದಕ್ಕೆ ಸಾಕುಬೇಕಾಯಿತು. ಒಂದು ಸ್ಕ್ರೂ ತುಕ್ಕು ಹಿಡಿದು ಅಲುಗಲೇ ಇಲ್ಲ. ಎಣ್ಣೆ ಬಿಟ್ಟೆ, ಬೈದೆ, ಮತ್ತೆ ಎಣ್ಣೆ ಬಿಟ್ಟೆ. ಇವತ್ತು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಅಂತೂ ಬಂತು. ಕೌಂಟಿ ಕಛೇರಿಯ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಯಾಕೆಂದು ಕೇಳದೆ, ಹಳೆಯದನ್ನು ಬೇಕಾದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಳು. ಈಗ ಅದು ಅಡುಗೆಮನೆಯ ಮೇಜಿನ ಮೇಲೆ ಒರೆಸಿಟ್ಟ ತಟ್ಟೆಯಂತೆ ಕೂತಿದೆ.

ಬರುವ ಬುಧವಾರ, ಹಬ್ಬದ ಹಿಂದಿನ ದಿನ, ಮಧ್ಯಾಹ್ನ ಸಲೀನಾ ಬಸ್ ಸ್ಟಾಪಿನಲ್ಲಿರುತ್ತೇನೆ. ಬರುವುದಿಲ್ಲವೆಂದರೂ ಇರುತ್ತೇನೆ, ಅಲ್ಲಿ ಕಾಫಿ ಚೆನ್ನಾಗಿರುತ್ತದೆ. ಏಪ್ರಿಕಾಟ್ ಕೊಲಾಚಿ ಮಾಡುತ್ತೇನೆ, ಗಸಗಸೆಯದು ನಿನಗೆ ಸೇರುವುದಿಲ್ಲವೆಂದು ನೆನಪಿದೆ. ಮಾತ್ರೆ ತೆಗೆದುಕೊಂಡೆಯಾ ಎಂದು ಒಂದು ಸಲವೂ ಕೇಳುವುದಿಲ್ಲ. ಇದೊಂದು ಮಾತನ್ನು ಪೂರ್ತಿ ನಂಬಬೇಡ, ಆದರೆ ಪ್ರಯತ್ನ ಮಾಡುತ್ತೇನೆ. ನೀನು ಹೋದ ಮೇಲೆ ತಿಂಗಳುಗಟ್ಟಲೆ, ಹೇಗಿದ್ದೀಯಮ್ಮ ಎಂದು ನೀನಾಗಿ ಕೇಳಿದ್ದಿಲ್ಲ. ಅದಕ್ಕೆ ಬೇಸರವಿಲ್ಲ ಎಂದು ಬರೆದು ನೋಡಿದೆ, ಅಕ್ಷರ ನೆಟ್ಟಗೆ ಬರಲಿಲ್ಲ. ಇರಲಿ. ಬಾ.

ಎಂದೆಂದಿಗೂ ನಿನ್ನವಳು,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ನಡೆದದ್ದು. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಸಿಮೆಕ್ ಅಜ್ಜಿ ಏಪ್ರನ್ನಿನ ಮೇಲೆ ಸತ್ತ ಗಂಡನ ಕೋಟು ಹಾಕಿಕೊಂಡು, ಊರುಗೋಲಿನ ಮೇಲೆ ಭಾರ ಹಾಕಿ ಏದುಸಿರು ಬಿಡುತ್ತಾ ನಿಂತಿದ್ದಳು. ಅವಳು ಬೇಲಿ ಬಳಸಿಕೊಂಡು ನಮ್ಮ ಮೆಟ್ಟಿಲು ಹತ್ತಿದ್ದು ಈ ವರ್ಷ ಇದೇ ಮೊದಲು. ಅವಳು ನಿನಗೇನು ಹೇಳಿದಳೆಂದು, ಈ ಕಾಗದ ಮುಟ್ಟುವ ಹೊತ್ತಿಗೆ ನಿನಗೆ ಗೊತ್ತಿರುತ್ತದೆ. ನನಗೆ ಬಾಗಿಲಲ್ಲಿ ಏನು ಹೇಳಿದಳೆಂಬುದನ್ನಷ್ಟೇ ಬರೆಯುತ್ತೇನೆ. ನನ್ನ ಮುಖ ಮುಟ್ಟಿ ನೋಡಿ, ಇದ್ದೀಯಲ್ಲ ಸದ್ಯ ಎಂದಳು. ಆಮೇಲೆ ಹೇಳಿದಳು:

“ಅಡೆಲಾ, ನಿನಗೆ ಹೇಳಲ್ಲ ಅಂತ ಲಿಬ್ಬಿಗೆ ಇಟ್ಟ ಆಣೆ ಮುರೀತಿದೀನಿ ಕಣೇ. ಹೋದ ಚಳಿಗಾಲ ಜಿಂಕೆ ಅಡ್ಡ ಬಂದು ನೀನು ರಸ್ತೆ ಪಕ್ಕದ ಚರಂಡಿಗೆ ಇಳಿದ್ಯಲ್ಲ, ಆ ಹುಡುಗಿಗೆ ಅವತ್ತಿಂದ ಜೀವದಲ್ಲಿ ಜೀವ ಇಲ್ಲ. ವಿಚಿಟಾಕ್ಕೆ ಹೋದಾಗಿನಿಂದ ದಿನಾ ಸಂಜೆ ನನಗೆ ಫೋನ್ ಮಾಡ್ತಾಳೆ, ನೇರಳೆ ಮನೆಗೆ ಬಂತಾ ಅಜ್ಜಿ ಅಂತ. ನನ್ನ ಕಣ್ಣಿಗೆ ಎಲ್ಲಾ ಕಾರೂ ಒಂದೇ, ಆ ಬಣ್ಣ ತಿರುಗಿ ಅಂಗಳಕ್ಕೆ ಹೋಗಿದ್ದು ಮಾತ್ರ ಕಾಣ್ತಿತ್ತು. ಇವತ್ತು ಕಿಟಕೀಲಿ ಕಾದೆ ಕಾದೆ, ಬರ್ಲಿಲ್ಲ. ಕೇಳಿಸ್ತಾ, ಅಲ್ಲಿ ಫೋನು ಹೊಡ್ಕೊಳ್ತಾ ಇದೆ. ಏನಂತ ಹೇಳ್ಲಿ ಅವಳಿಗೆ?”