ವ್ಯಾಯಾಮ: ಇಲ್ಲ

ಹಡಪಸರ, ಪುಣೆ
೨೩ ನವೆಂಬರ್ ೨೦೨೫, ಭಾನುವಾರ

ಅವ್ವಾ, ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದೇನೆ.

ನಾನು ಹತ್ತನೆಯ ತರಗತಿ ಪಾಸಾಗಿಲ್ಲ. ಪರೀಕ್ಷೆಗೇ ಕೂತಿಲ್ಲ. ಧಾರವಾಡದ ಹಾಸ್ಟೆಲಿನಿಂದ ಮೊದಲ ದಿನದ ಪರೀಕ್ಷೆಗೆ ಹೊರಟವಳು ಶಾಲೆಯ ಗೇಟು ಬಂದಾಗ ಒಳಗೆ ತಿರುಗಲಿಲ್ಲ. ನೇರ ನಡೆದು ಬಸ್ ಸ್ಟ್ಯಾಂಡ್ ಸೇರಿದೆ. ಮೂರು ಗಂಟೆ ಒಂದೇ ಕಡೆ ಕೂರಬೇಕು ಎನ್ನುವುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಮೂರು ವರ್ಷ ಎಂಟು ತಿಂಗಳಾಯಿತು.

ಆಗ ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಪುಣೆಗೆ ಬಂದಿದ್ದೇನೆ, ಪಂಢರಿನಾಥ ಕಾಕಾ ಅವರ ಮನೆಯಲ್ಲಿ ಇರುತ್ತೇನೆ ಎಂದಷ್ಟೇ ಹೇಳಿದೆ. ಕಾಲೇಜಿಗೆ ಎಂದು ನೀನೇ ಸೇರಿಸಿಕೊಂಡೆ. ಮಾರ್ಕ್ಸ್ ಕಾರ್ಡ್ ಬಂತೇ ಎಂದು ಕೇಳಿದಾಗ ಇನ್ನೂ ಬಂದಿಲ್ಲ ಎಂದೆ. ಅದು ಇವತ್ತಿಗೂ ನಿಜ. ನೀನು ಅಡುಗೆ ಮಾಡುವ ಜೇಜುರಿಯ ಛತ್ರಕ್ಕೆ ನಮ್ಮ ಕಡೆಯ ಯಾತ್ರಿಕರು ಬಂದಾಗಲೆಲ್ಲ ನೀನು ಭಕ್ಕರಿ ರೊಟ್ಟಿ ಬಡಿಯುತ್ತಲೇ, "ನಮ್ಮ ಅನುಜಾ ಪುಣ್ಯಾದಾಗ ಡಿಗ್ರಿ ಎರಡನೇ ವರ್ಷ ಅದಾಳ್ರಿ" ಎನ್ನುತ್ತೀಯಂತೆ. ತರಕಾರಿ ಟೆಂಪೋದ ಈರಣ್ಣ ಮಾಮಾ ಹೇಳಿದರು. ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಸ್ಪೀಕರ್ ಹಾಕುತ್ತೀಯ, ಇಡೀ ಅಡುಗೆಮನೆ ಕೇಳುತ್ತದೆ.

ನಾನು ಮಾಡುತ್ತಿರುವುದು ಕಾಕಾ ಅವರ ಖಾನಾವಳಿಯ ಡಬ್ಬಿ ಹಂಚುವ ಕೆಲಸ. ಕಾಕಾಗೆ ಎಲ್ಲ ಗೊತ್ತು. "ನಿಮ್ಮವ್ವಗ ನಾ ಹೇಳೂದಿಲ್ಲವಾ, ನೀನ ಹೇಳಬೇಕು" ಎಂದು ಮೊದಲ ದಿನವೇ ಹೇಳಿ ಸುಮ್ಮನಾದರು. ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ನನಗೆ ಓದಬೇಕು ಅನ್ನಿಸಿದೆ. ಏನನ್ನು ಎನ್ನುವುದನ್ನು ನಿನಗೆ ಸಮಾಧಾನದಿಂದ ಹೇಳಬೇಕು.

ನನ್ನ ಗಿರಾಕಿಗಳಲ್ಲಿ ಹರ್ಷಿತಾ ಎಂಬವಳಿದ್ದಾಳೆ. ಹಾಸನದ ಕಡೆಯವಳು. ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕ್ರೀಡೆ ಮತ್ತು ವ್ಯಾಯಾಮ ವಿಜ್ಞಾನದ ಎಂ.ಎಸ್ಸಿ. ಮಾಡುತ್ತಾಳೆ. ಆಟ ಕಲಿಸುವುದಲ್ಲ ಅವ್ವಾ. ಓಡುವಾಗ, ಹತ್ತುವಾಗ, ಭಾರ ಹೊರುವಾಗ ಮೈಯೊಳಗೆ ಏನಾಗುತ್ತದೆ ಎಂದು ಅಳೆಯುವ ವಿದ್ಯೆ. ಅವಳ ಪ್ರಬಂಧಕ್ಕೆ ವ್ಯಾಯಾಮವನ್ನೇ ಮಾಡದ ಇಪ್ಪತ್ತನಾಲ್ಕು ಹುಡುಗಿಯರು ಬೇಕಾಗಿದ್ದರು. ಹನ್ನೆರಡು ಜನ ಎಂಟು ವಾರ, ವಾರಕ್ಕೆ ಮೂರು ದಿನ, ಮರಳಿನ ಚೀಲ ಬೆನ್ನಿಗೆ ಹಾಕಿಕೊಂಡು ಮೈದಾನದ ಮೆಟ್ಟಿಲು ಹತ್ತಬೇಕು. ಇನ್ನು ಹನ್ನೆರಡು ಜನ ಏನೂ ಮಾಡಬಾರದು. ಕೊನೆಗೆ ಎರಡೂ ಗುಂಪನ್ನು ಹೋಲಿಸುತ್ತಾರೆ. "ನೀನು ಈಗ ಹೆಂಗಿದೀಯೋ ಹಂಗೇ ಇರು ಕಣೆ, ಅಷ್ಟೇ ನಿನ್ ಕೆಲ್ಸ" ಎಂದು ನನ್ನನ್ನು ಎರಡನೆಯ ಗುಂಪಿಗೆ ಸೇರಿಸಿಕೊಂಡಳು. ಅರ್ಜಿಯನ್ನು ಅವಳೇ ತುಂಬಿದಳು. ವ್ಯಾಯಾಮ ಮಾಡುತ್ತೀಯಾ ಎಂದು ಕೇಳಿದಳು. ಇಲ್ಲ ಎಂದೆ. ಜೀವಮಾನದಲ್ಲಿ ಮಾಡಿಲ್ಲವಲ್ಲ. ಕೆಲಸ ಎನ್ನುವ ಕಡೆ, ಸ್ಕೂಟರ್ ಮೇಲೆ ಡಬ್ಬಿ ಹಂಚುವುದು ಎಂದು ಬರೆದಳು. ಅವಳ ಕೋಣೆ ನೆಲಮಹಡಿಯಲ್ಲಿದೆ. ಅವಳು ನೋಡಿದ್ದು ಅಷ್ಟೇ.

ಮೊದಲ ಮಂಗಳವಾರ ಮೂಗು ಬಾಯಿ ಮುಚ್ಚುವ ಮುಖವಾಡ ಕಟ್ಟಿ, ಎದೆಗೆ ತಂತಿ ಅಂಟಿಸಿ, ಓಡುವ ಪಟ್ಟಿಯ ಮೇಲೆ ನಿಲ್ಲಿಸಿದರು. ಪಟ್ಟಿಯ ವೇಗ ಏರುತ್ತ ಹೋಯಿತು, ಮುಂದೆ ಅದು ಗುಡ್ಡದಂತೆ ಎದ್ದು ನಿಂತಿತು. ನಾನು ಎಳೆದುಕೊಂಡ ಒಂದೊಂದು ಉಸಿರೂ ಪರದೆಯ ಮೇಲೆ ಒಂದೊಂದು ಚುಕ್ಕೆಯಾಯಿತು. ಉಸಿರನ್ನು ಎಣಿಸಬಹುದು ಎಂದು ಗೊತ್ತಿತ್ತು. ಅದರಲ್ಲಿ ಎಷ್ಟು ಕಾಲಿಗೆ ಹೋಯಿತು, ಎಷ್ಟು ಉರಿದು ಹೊರಗೆ ಬಂತು ಎಂದು ತೂಗಬಹುದು ಎನ್ನುವುದು ಗೊತ್ತಿರಲಿಲ್ಲ. ಆಮೇಲೆ ಮಲಗಿಸಿ, ಎದೆಗೆ ತಣ್ಣನೆಯ ಲೇಪ ಹಚ್ಚಿ, ನನ್ನ ಹೃದಯವನ್ನು ಪರದೆಯ ಮೇಲೆ ನನಗೇ ತೋರಿಸಿದರು. ಒಳಗೊಂದು ತೆಳ್ಳನೆಯ ಪದರ, ಗಾಳಿಗೆ ಹಾರುವ ಸೆರಗಿನ ತುದಿಯ ಹಾಗೆ, ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನೀನು ನನ್ನನ್ನು ಹೆತ್ತ ದಿನಕ್ಕೂ ಮೊದಲಿನಿಂದ ಅದು ಹಾಗೇ ಮಾಡುತ್ತಿದೆಯಂತೆ. ಒಂದು ಕಡೆ ಕೂರಲಾರಳು ಎಂದು ಎಲ್ಲರಿಂದ ಬೈಸಿಕೊಂಡವಳು ನಾನು. ನನ್ನೊಳಗೆ ಒಂದು ಕ್ಷಣವೂ ಕೂರದೆ ಇದೊಂದು ದುಡಿಯುತ್ತಿತ್ತು, ನನಗೇ ತಿಳಿಯದೆ. ನಾನು ಬಹಳ ಹೊತ್ತು ಏಳಲಿಲ್ಲ. ಮುಂದಿನವಳು ಕಾಯ್ತಿದಾಳೆ ಎಂದು ಹರ್ಷಿತಾ ಎಬ್ಬಿಸಿದಳು.

ಓಡುವಾಗ ಮೈ ಎಷ್ಟು ಉಸಿರನ್ನು ಬಳಸಿಕೊಳ್ಳಬಲ್ಲದು ಎಂದು ಹೇಳುವ ಅಂಕಿ ಬೇರೆಯವರದು ಮೂವತ್ತು, ಮೂವತ್ತೆರಡು. ನನ್ನದು ನಲವತ್ತೇಳು. ಅವಳ ಮಾರ್ಗದರ್ಶಿ ಕೇತಕಿ ಮ್ಯಾಡಮ್ ನೋಡಿ, "ಮಶೀನ್ ಬಿಘಡ್ಲಂಯ, ಪರತ್ ಕರಾ" ಎಂದರು. ಯಂತ್ರ ಕೆಟ್ಟಿದೆ ಎಂದು ಸಿಲಿಂಡರ್ ಜೋಡಿಸಿ, ಅದರ ಅಳತೆ ಸರಿಪಡಿಸಿ, ಎರಡು ದಿನ ಬಿಟ್ಟು ಮತ್ತೆ ಓಡಿಸಿದರು. ಮತ್ತೆ ನಲವತ್ತೇಳು. ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಬರೆದುಕೊಂಡರು. ಅವರು ಮೊದಲು ಅನುಮಾನಿಸಿದ್ದು ಯಂತ್ರವನ್ನು, ನನ್ನನ್ನಲ್ಲ. ಶಾಲೆಯಲ್ಲಿ ಯಾವತ್ತಾದರೂ ಹಾಗಾಗಿತ್ತೇ ಎಂದು ಯೋಚಿಸಿದೆ.

ಆಮೇಲೆ ಪ್ರತಿ ಮಂಗಳವಾರ ನಾಡಿ ಅಳೆಸಿಕೊಳ್ಳಲು ಹೋದೆ. ಅಲ್ಲಿರುವ ಎಲ್ಲವನ್ನೂ ಕೇಳಿದೆ. "ಏನವಾ, ಡಬ್ಬಿ ಕೊಡಾಕ ಹೋಗ್ತೀಯೋ, ಸಾಲಿ ಕಲಿಯಾಕ ಹೋಗ್ತೀಯೋ" ಎಂದು ಕಾಕಾ ಕಾಲೆಳೆದರು.

ನಾಲ್ಕನೆಯ ವಾರ ಮೈದಾನದ ಹತ್ತಿರ ಮೊದಲ ಗುಂಪಿನವರನ್ನು ಕಂಡೆ. ಎಂಟು ಕಿಲೋ ಮರಳು ಹೊತ್ತು ಅರ್ಧ ಗಂಟೆ ಹತ್ತಿಳಿಯುತ್ತಿದ್ದರು, ಮುಖ ಕೆಂಪಾಗಿತ್ತು. ಅದು ವ್ಯಾಯಾಮವಂತೆ. ನಾನು ಡಬ್ಬಿ ಕೊಡುವ ಎರಡು ಕಟ್ಟಡಗಳಿಗೆ ತಲಾ ಹನ್ನೊಂದು ಮಹಡಿ. ಲಿಫ್ಟಿನ ಪಕ್ಕ ಬೋರ್ಡಿದೆ, ಡಬ್ಬಿಯವರು ಕೊರಿಯರಿನವರು ಮೆಟ್ಟಿಲಲ್ಲೇ ಹೋಗಬೇಕು ಎಂದು. ಎರಡು ಚೀಲ, ಹದಿನೈದು ಕಿಲೋ, ದಿನಕ್ಕೆ ಎರಡು ಹೊತ್ತು, ಮೂರು ವರ್ಷ. ಏನೂ ಮಾಡದವರ ಗುಂಪಿನಲ್ಲಿ ನಾನು ಕೂತಿದ್ದೆ.

ಅವತ್ತೇ ಹೇಳಬೇಕಿತ್ತು. ಹೇಳಿದರೆ ನನ್ನನ್ನು ತೆಗೆಯುತ್ತಾರೆ, ಮಂಗಳವಾರ ಹೋಗುತ್ತದೆ. ಎರಡು ವಾರ ಬಾಯಿ ಮುಚ್ಚಿಕೊಂಡೆ. ನಿನ್ನ ಮುಂದೆ ಮೂರು ವರ್ಷ ಇದ್ದ ಹಾಗೆ: ಕೇಳಿದ್ದಕ್ಕೆಲ್ಲ ನಿಜ, ಕೇಳದ್ದಕ್ಕೆ ಮೌನ. ಇದೇ ನನ್ನ ಅಭ್ಯಾಸ ಎಂದು ಆಗ ಗೊತ್ತಾಯಿತು.

ಕಳೆದ ಮಂಗಳವಾರ ಹೇಳಿದೆ. ಅಕ್ಕಾ, ನಾ ದಿನಾ ಮೆಟ್ಟಿಲ ಹತ್ತತೀನಿ ಎಂದೆ. "ಎಲ್ರೂ ಹತ್ತುತ್ತಾರೆ ಬಿಡೆ" ಎಂದು ಹರ್ಷಿತಾ ನಕ್ಕಳು. ಎಷ್ಟು ಎಂದು ಹೇಳಿದ ಮೇಲೆ ನಗಲಿಲ್ಲ. ಕೇತಕಿ ಮ್ಯಾಡಮ್ ಬಂದರು, ನಿಂತೇ ಎಲ್ಲ ಕೇಳಿದರು, ದಾಖಲೆ ಪುಸ್ತಕ ತರಿಸಿದರು. ನನ್ನ ಸಾಲನ್ನು ಅಳಿಸಲಿಲ್ಲ ಅವ್ವಾ. ಕೆಳಗಿನ ಅಂಕಿ ಓದಲು ಬರುವಂತೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದರು. ಪಕ್ಕದಲ್ಲಿ ತಾರೀಖು, ಕಾರಣ, ಸಹಿ. ಆಮೇಲೆ ಹರ್ಷಿತಾಗೆ ಹೇಳಿದರು: ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತೀರಿ ಎಂದು ನಮ್ಮ ಅರ್ಜಿ ಕೇಳಿಲ್ಲ, ಇದು ನಮ್ಮ ತಪ್ಪೂ ಹೌದು, ಪ್ರಬಂಧದಲ್ಲಿ ಅದನ್ನೂ ಬರೆ. ತಪ್ಪನ್ನು ಎಲ್ಲರೂ ಓದುವ ಜಾಗದಲ್ಲಿ ಬರೆದಿಡುವ ವಿದ್ಯೆಯೂ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೃದಯ ನೋಡಿದಾಗ ಆದಷ್ಟೇ ಬೆರಗು ಆ ಒಂದು ಗೆರೆ ನೋಡಿದಾಗಲೂ ಆಯಿತು. ಹರ್ಷಿತಾ ಏನೂ ಅನ್ನಲಿಲ್ಲ.

ಹೊರಡುವಾಗ ಮ್ಯಾಡಮ್ ಅವರನ್ನು ಕೇಳಿದೆ, ಇದನ್ನು ಕಲಿಯಲು ಏನು ಓದಿರಬೇಕು ಎಂದು. ಹನ್ನೆರಡನೆಯದು, ವಿಜ್ಞಾನದಲ್ಲಿ ಎಂದರು. ನಿನ್ನದು ಎಷ್ಟಾಗಿದೆ ಎಂದು ಕೇಳಿದರು. ಒಂಬತ್ತು ಎಂದೆ. "ಮಗ್ ದಹಾವೀಪಾಸೂನ್ ಸುರೂ ಕರ್" ಎಂದರು, ಬಸ್ ನಂಬರ್ ಹೇಳುವಷ್ಟು ಸರಾಗವಾಗಿ. ಹಾಗಿದ್ದರೆ ಹತ್ತರಿಂದ ಶುರು ಮಾಡು.

ಖಾಸಗಿಯಾಗಿ ಪರೀಕ್ಷೆ ಕಟ್ಟಲು ಶಾಲೆಯ ಟಿ.ಸಿ. ಬೇಕು. ಅದು ಧಾರವಾಡದಲ್ಲಿದೆ, ಅದೇ ಗೇಟಿನ ಒಳಗೆ. ಹೋಗಿ ತರುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ.

ಅದಕ್ಕೂ ಮೊದಲು ನಿನಗೆ ತಿಳಿಯಬೇಕಿತ್ತು. ಯಾತ್ರಿಕರ ಮುಂದೆ ನಿನ್ನ ಬಾಯಿಂದ ಸುಳ್ಳು ಹೇಳಿಸಿದವಳು ನಾನು. ಅವರು ಮತ್ತೆ ಕೇಳಿದರೆ ಏನು ಹೇಳುತ್ತೀಯೋ ನನಗೆ ತಿಳಿಯದು. ಬೈಯಬೇಕು ಅನ್ನಿಸಿದರೆ ಫೋನ್ ಮಾಡು, ಆದರೆ ಹಿತ್ತಲಿಗೆ ಹೋಗಿ ಮಾಡು. ಪೂರ್ತಿ ಕೇಳುತ್ತೇನೆ, ನಡುವೆ ಫೋನ್ ಇಡುವುದಿಲ್ಲ.

ನಿನ್ನ ಮಗಳು
ಅನುಜಾ

ತಾ.ಕ.: ಹರ್ಷಿತಾ ಏನೂ ಅನ್ನಲಿಲ್ಲ ಎಂದು ಮೇಲೆ ಬರೆದದ್ದು ನಿಜವಲ್ಲ. ನಿಜ ಹೇಳಿದ್ದರಿಂದ ಎಲ್ಲ ಸರಿಹೋಯಿತು ಎಂದು ನೀನು ತಿಳಿಯಲಿ ಎಂದು ಹಾಗೆ ಬರೆದೆ. ಹೊರಗೆ ಕಾರಿಡಾರಿನಲ್ಲಿ ಅವಳು, "ಎರಡು ವಾರದ ಹಿಂದೆ ಹೇಳಿದ್ರೆ ಇನ್ನೊಬ್ಬಳನ್ನ ಸೇರಿಸ್ಕೊಳ್ಳೋಕೆ ಟೈಮಿತ್ತು. ನಿಂಗೆ ಗೊತ್ತಿತ್ತು ಕಣೆ, ಗೊತ್ತಿದ್ದೂ ಬಂದು ನಾಡಿ ನೋಡೋಕೆ ಕೈ ಕೊಟ್ಕೊಂಡು ಕೂತಿದ್ದೆ" ಎಂದಳು. ಇನ್ನು ನಮ್ಮ ಗುಂಪನ್ನು ಹನ್ನೊಂದೇ ಜನರಲ್ಲಿ ಅವಳು ಮುಗಿಸಬೇಕು. ಆಮೇಲೆ ಮಾತಾಡಿಲ್ಲ. ಐದು ದಿನದಿಂದ ಅವಳ ಡಬ್ಬಿ ಬಾಗಿಲಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಇವತ್ತು ಮಧ್ಯಾಹ್ನವೂ ಇಟ್ಟು ಬಂದೆ. ನಾಳೆ ಬೆಳಿಗ್ಗೆ ಧಾರವಾಡದ ಗಾಡಿಗೆ ಹೊರಡುತ್ತೇನೆ.