ಬದುಕಿರುವವಳಿಗೆ ಊದುಬತ್ತಿ

ಚಿಯಾಯಿ,
ನವೆಂಬರ್ ೧೨, ಮಂಗಳವಾರ ಮಧ್ಯಾಹ್ನ

ಮಗಳು ಪೇಯ್-ಚೆನ್‌ಗೆ,

ಹೇಗಿದ್ದೀಯ? ಚಳಿ ಬಂತೆಂದರೆ ಹಿಡಿಯುವ ಆ ಕೆಮ್ಮು ಈ ಸಲವೂ ಬಂತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲ ಎಂಬುದು ಸಿನಿಮಾ ಪರದೆಯ ಮೇಲೆ ನಿನ್ನ ಕೆನ್ನೆ ನೋಡಿದಾಗಲೇ ಗೊತ್ತಾಯಿತು. ನನಗೆ ಮಂಡಿನೋವು ಇದೆ. ಅದು ಬಿಟ್ಟರೆ ಚೆನ್ನಾಗಿದ್ದೇನೆ, ಸತ್ತಿಲ್ಲ. ಇದನ್ನೂ ನಿನಗೆ ಬಿಡಿಸಿ ಹೇಳಬೇಕಾಗಿ ಬಂತಲ್ಲ, ನನ್ನ ಕರ್ಮ.

ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎದುರಿನ ಹಣ್ಣಿನಂಗಡಿಯ ಬೀ-ಹಾ ಭಾನುವಾರ ನನ್ನನ್ನು ನೀನು ನಟಿಸಿದ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಟರ್ಕಿ ಕೋಳಿ ಅನ್ನದ ನಮ್ಮ ಅಂಗಡಿಗೆ ಬೀಗ ಹಾಕಿ, ಕೂದಲಿಗೆ ಸುರುಳಿ ಬೇರೆ ಹಾಕಿಸಿಕೊಂಡು ಹೋದೆ, ಗೊತ್ತಿರಲಿ. ಮಾಳಿಗೆಯ ಮೇಲಿನ ಒಂದೇ ಬಾಡಿಗೆ ಮನೆಯಲ್ಲಿ ಆರು ಜನ ಹುಡುಗ ಹುಡುಗಿಯರು, ಅವರಲ್ಲಿ ನೀನೂ ಒಬ್ಬಳು. ಯಾರು ಯಾರನ್ನು ಪ್ರೀತಿಸುತ್ತೀರೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ. ಪಾತ್ರೆ ತೊಳೆಯುವ ಸರದಿಗೆ ಜಗಳ, ಆಮೇಲೆ ಅಳು, ಆಮೇಲೆ ಮುತ್ತು. ಬೀ-ಹಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ನೀನು ಊರಿನ ಮನೆಗೆ ಹೋಗುವ ದೃಶ್ಯ ಬಂತು. ಸತ್ತ ತಾಯಿಯ ಫೋಟೋ, ಮುಂದೆ ಊದುಬತ್ತಿ, ಕಿತ್ತಳೆ ಹಣ್ಣು. ನೋಡಿದರೆ ಫೋಟೋದಲ್ಲಿ ನಾನು!

ಬೀ-ಹಾ ನನ್ನ ತೋಳು ಚಿವುಟಿ, "ಅಯ್ಯೋ, ಇದು ನೀನಲ್ವೇನೇ? ಯಾವಾಗ ಹೋದೆ?" ಎಂದು ಚಿತ್ರಮಂದಿರಕ್ಕೆಲ್ಲ ಕೇಳುವಂತೆ ಕೂಗಿದಳು. ನಿನ್ನೆಯಿಂದ ಮಾರ್ಕೆಟ್ಟಿನ ಮೀನಿನವನೂ ನನ್ನನ್ನು ಕಂಡರೆ, "ದಾರಿ ಬಿಡ್ರೋ, ಅಕ್ಕ ಸ್ವರ್ಗದಿಂದ ಇಳಿದು ಬಂದವ್ಳೆ" ಎನ್ನುತ್ತಾನೆ. ಆ ಫೋಟೋ ನಿನ್ನ ಚಿಕ್ಕಮ್ಮನ ಮಗನ ಮದುವೆಯದು. ಪಕ್ಕದಲ್ಲಿ ನಿಂತು ನನ್ನನ್ನು ನಗಿಸಿದವಳೇ ನೀನು. ನಿನ್ನನ್ನು ಕತ್ತರಿಸಿ, ನನ್ನ ಕೆಂಪು ಅಂಗಿಯನ್ನು ಕಪ್ಪು ಮಾಡಿದ್ದಾರೆ. ಭುಜದ ಮೇಲೆ ನಿನ್ನ ಬೆರಳ ತುದಿ ಉಳಿದುಬಿಟ್ಟಿದೆ. ಬೇರೆ ಯಾರೂ ನೋಡಿರಲಾರರು.

ಹೌದು, ಶೂಟಿಂಗಿನಲ್ಲಿ ಲೈಟು ಹೊರುವ ಆ ತ್ಸೆ-ಯೂ ವಿಷಯಕ್ಕೆ ಜಗಳವಾದಾಗ, "ಅವನ ಹಿಂದೆ ಹೋಗೋದಾದ್ರೆ ನಾನು ಸತ್ತೆ ಅಂದ್ಕೋ" ಎಂದಿದ್ದೆ. ತಾಯಿ ಸಿಟ್ಟಿನಲ್ಲಿ ನೂರು ಅನ್ನುತ್ತಾಳೆ. ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದವಳು ಇದೊಂದನ್ನು ಮಾತ್ರ ಶಿರಸಾ ಪಾಲಿಸಿದೆಯಲ್ಲೇ!

ಆದರೆ ನನಗೆ ಉರಿದದ್ದು ಫೋಟೋಕ್ಕಲ್ಲ. ಅದರ ಮುಂದೆ ಮೊಣಕಾಲೂರಿ, "ಅಮ್ಮಾ, ನೀನು ಅವನನ್ನ ಒಂದ್ಸಲ ನೋಡಿದ್ರೆ ಸಾಕಿತ್ತು" ಎಂದು ಅತ್ತುಬಿಟ್ಟೆಯಲ್ಲ, ಅದಕ್ಕೆ. ನೀನು ನಟಿಸಿ ಅಳುವಾಗ ಮೂಗು ಕೆಂಪಾಗುವುದಿಲ್ಲ, ಅಲ್ಲಿ ಆಗಿತ್ತು. ನೀನಿರುವ ತೈಪೆಯಿಂದ ಇಲ್ಲಿಗೆ ರೈಲಿನಲ್ಲಿ ಒಂದೂವರೆ ಗಂಟೆ. ಅನ್ನ ತಿಂದುಕೊಂಡು ಬದುಕಿರುವ ನನಗೆ ವರ್ಷದಿಂದ ಒಂದು ಮಾತಿಲ್ಲ, ಹೇಳಬೇಕಾದ್ದನ್ನೆಲ್ಲ ಕಾಗದದ ಮುಖಕ್ಕೆ ಹೇಳಿದೆ. ಪಾಪ್‌ಕಾರ್ನ್ ತಿನ್ನುತ್ತಿದ್ದವರೆಲ್ಲ ನನ್ನ ಜೊತೆ ಕೂತು ಕೇಳಿಸಿಕೊಂಡರು. ಎದ್ದು ನಿಂತು, "ಇಲ್ಲೇ ಇದೀನಲ್ಲೇ!" ಎಂದು ಕೂಗಬೇಕೆನ್ನಿಸಿತು.

ಬೆಚ್ಚಗೆ ಹೊದ್ದುಕೊಂಡು ಮಲಗು. ನಗರದೇವರ ಗುಡಿಯಲ್ಲಿ ಈ ವರ್ಷವೂ ನಿನ್ನ ಹೆಸರಿಗೆ ದೀಪ ಉರಿಯುತ್ತಿದೆ. ನನ್ನ ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಇಂತಿ,
ಇನ್ನೂ ಉಸಿರಾಡುತ್ತಿರುವ
ನಿನ್ನ ಅಮ್ಮ

ಮರೆತಿದ್ದೆ: ಬದುಕಿರುವವರ ಫೋಟೋವನ್ನು ಸತ್ತವರದೆಂದು ಇಟ್ಟರೆ, ಅಪಶಕುನ ಕಳೆಯಲು ಅವರಿಗೆ ದುಡ್ಡಿಟ್ಟ ಕೆಂಪು ಲಕೋಟೆ ಕೊಡಬೇಕು. ಅಂಚೆಯಲ್ಲಿ ಕಳಿಸಿದರೆ ನಡೆಯುವುದಿಲ್ಲ, ಕೈಯಾರೆ ಕೊಡಬೇಕು. ಕೆಟ್ಟ ಗಾಳಿ ಕಳೆಯಲು ಹಂದಿಕಾಲಿನ ಶಾವಿಗೆಯನ್ನೂ ಉಣ್ಣಬೇಕು. ಈ ಭಾನುವಾರಕ್ಕೆ ಇಡೀ ಕಾಲು ಹೇಳಿಟ್ಟಿದ್ದೇನೆ, ಒಬ್ಬಳೇ ತಿನ್ನಲಾರೆ. ಆ ಲೈಟಿನವನನ್ನೂ ಕರೆದುಕೊಂಡು ಬಾ. ಒಂದು ಸಲ ನೋಡುತ್ತೇನೆ.